ಮಗುವಿನ ತಾರೀಖೇ ಮನೆಯ ತಾರೀಖು: ಲಸಿಕೆ ರಿಜಿಸ್ಟರ್ ಬಿಟ್ಟು ಮನೆಗೊಂದು ಹಾಳೆ ಇಟ್ಟ ನನ್ನ ಅನುಭವ

ಲಸಿಕೆ ರಿಜಿಸ್ಟರನ್ನು ತಾರೀಖಿನ ಪ್ರಕಾರ ಬರೆಯುವುದು ಬಿಟ್ಟು, ಮನೆಗೊಂದು ಹಾಳೆ ಅಂತ ಶುರು ಮಾಡಿ ಮೂರು ನಾಲ್ಕು ವರ್ಷ ಆಗಿರಬೇಕು. ಆಗ ನಮ್ಮ ಕ್ಲಿನಿಕ್ಕಿನಲ್ಲಿ ಒಬ್ಬರೂ ಒಪ್ಪಿರಲಿಲ್ಲ. "ಸಿಸ್ಟರ್, ಮಗು ಲಸಿಕೆಗೆ ಬಂದರೆ ಲಸಿಕೆ ಹಾಕಿ ಕಳಿಸಿ, ಅದರ ಅಜ್ಜಿಯ ಬಿಪಿ ನಮಗ್ಯಾಕೆ?" ಅಂದಿದ್ದರು ಡಾಕ್ಟರು. ಜೊತೆಗಿದ್ದ ನರ್ಸ್ ಇನ್ನೂ ಖಾರವಾಗಿ ಹೇಳಿದರು, ಇಂಜೆಕ್ಷನ್ ಮಾರೋಕೆ ಹೊಸ ಉಪಾಯ ಅಂತ ಜನ ತಿಳ್ಕೋತಾರೆ ಅಂತ. ಈಗ ಅದೇ ಡಾಕ್ಟರು ಬೇರೆ ಕಡೆಯಿಂದ ಯಾರಾದರೂ ಬಂದರೆ ಆ ಹಾಳೆಗಳ ಪೆಟ್ಟಿಗೆ ತೆಗೆಸಿ ತೋರಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಈ ಕೆಲಸ ಮಾಡುವವರಿಗೆ ಮಾತ್ರ ಇದು. ಯಾವ ಲಸಿಕೆ ಯಾವ ತೊಡೆಗೆ, ಯಾವ ಸೂಜಿ ಅಂತೆಲ್ಲ ಹೇಳುತ್ತಾ ಕೂರುವುದಿಲ್ಲ.

ಲಸಿಕೆ ತಪ್ಪಿಸುವವರನ್ನು ಕರೆತರಲು ಹೋಗಿ ಕೈಕೊಟ್ಟ ದಾರಿಗಳನ್ನು ಮೊದಲು ಹೇಳಿಬಿಡುತ್ತೇನೆ, ನೀವೂ ಅದಕ್ಕೇ ದುಡ್ಡು ಸುರಿಯುವುದು ಬೇಡ. ಮೆಸೇಜ್ ಕಳಿಸುವ ಪ್ಯಾಕೇಜ್ ತಗೊಂಡೆವು. ಒಂದು ವರ್ಷಕ್ಕೆ ಕಟ್ಟಿದ ಹಣ ಹೆಚ್ಚುಕಡಿಮೆ ನನ್ನ ಒಂದು ತಿಂಗಳ ಸಂಬಳದಷ್ಟು. ಮೆಸೇಜ್ ಹೋಗುತ್ತಿತ್ತು, ಜನ ಬರುತ್ತಿರಲಿಲ್ಲ. ಯಾಕೆ ಅಂತ ನೋಡಿದರೆ ಮೂರರಲ್ಲಿ ಒಂದು ನಂಬರ್ ಬದಲಾಗಿತ್ತು, ಇನ್ನೊಂದು ಅಪ್ಪನದ್ದು, ಅವರು ಕೆಲಸದ ಮಧ್ಯೆ ಓದಿ ಮನೆಗೆ ಹೋಗುವ ಹೊತ್ತಿಗೆ ಮರೆತಿರುತ್ತಾರೆ. ಆಮೇಲೆ ಕಾರ್ಡಿಗೆ ಬಣ್ಣದ ಸ್ಟಿಕ್ಕರ್. ಕಾರ್ಡೇ ಕಳೆದು ಹೋದರೆ ಸ್ಟಿಕ್ಕರ್ ಏನು ಮಾಡುತ್ತದೆ? ಆಮೇಲೆ ಬ್ಯಾನರ್ ಕಟ್ಟಿ ಉಚಿತ ತಪಾಸಣೆ ಇಟ್ಟೆವು. ಜನ ಬಂದರು, ಆದರೆ ಬಂದವರೆಲ್ಲ ಮೊದಲೇ ಬಿಪಿ ಮಾತ್ರೆ ನುಂಗುತ್ತಿದ್ದವರು. ಯಾರಿಗೆ ಬೇಕಿತ್ತೋ ಅವರ ಸುಳಿವೇ ಇಲ್ಲ. ಫೋನ್ ಮಾಡುವುದು ಮಾತ್ರ ಸ್ವಲ್ಪ ಕೆಲಸ ಮಾಡಿತು. ಆದರೆ ಊಟದ ಹೊತ್ತೆಲ್ಲ ಅದಕ್ಕೇ ಹೋಗುತ್ತಿತ್ತು, ಎಷ್ಟು ದಿನ ಅಂತ ಮಾಡೋದು?

ಹಳೆ ರಿಜಿಸ್ಟರ್ ಮುಂದಿಟ್ಟುಕೊಂಡು ಮಕ್ಕಳು ಎಲ್ಲಿ ತಪ್ಪಿ ಹೋಗುತ್ತಾರೆ ಅಂತ ಗುರುತು ಹಾಕುತ್ತಾ ಹೋದಾಗ ವಿಷಯ ಹೊರಗೆ ಬಂತು. ಆರು, ಹತ್ತು, ಹದಿನಾಲ್ಕು ವಾರಕ್ಕೆ ಬರುತ್ತಾರೆ, ಮಗು ಇನ್ನೂ ಕೈಯಲ್ಲೇ ಇರುತ್ತದೆ, ತಾಯಿ ಮನೆಯಲ್ಲೇ ಇರುತ್ತಾಳೆ. ಆಮೇಲೆ ಒಂಬತ್ತು ತಿಂಗಳ ದಡಾರದ ಲಸಿಕೆವರೆಗೆ ಐದಾರು ತಿಂಗಳು ಖಾಲಿ. ಆ ಸಮಯದಲ್ಲಿ ತಾಯಿ ಕೆಲಸಕ್ಕೆ ಹೋಗುತ್ತಾಳೆ, ಮನೆ ಬದಲಾಗುತ್ತದೆ, ನಂಬರ್ ಬದಲಾಗುತ್ತದೆ. ನಮ್ಮ ಮಕ್ಕಳೆಲ್ಲ ಕಳೆದು ಹೋಗುತ್ತಿದ್ದದ್ದು ಇಲ್ಲೇ. ದಡಾರ ಹರಡದಂತೆ ತಡೆಯಬೇಕಾದರೆ ನೂರಕ್ಕೆ 95 ಮಂದಿಗೆ ಎರಡೂ ಡೋಸ್ ಆಗಿರಬೇಕು. ನಮ್ಮದು ಆಗ, ನೆನಪಿರುವ ಮಟ್ಟಿಗೆ, ಎರಡನೇ ಡೋಸಿಗೆ ಬರುವಾಗ ಹತ್ತರಲ್ಲಿ ಆರೇಳು ಮಕ್ಕಳು ಉಳಿಯುತ್ತಿದ್ದರು ಅಷ್ಟೇ.

ಆಗ ಹೊಳೆದದ್ದು ಇದು. ಮನೆಯಲ್ಲಿ ತಪ್ಪದೆ ಕ್ಲಿನಿಕ್ಕಿಗೆ ಬರುವ ಒಬ್ಬರು ಅಂದರೆ ಪುಟ್ಟ ಮಗು. ಹಾಗಾದರೆ ಆ ಮಗುವಿನ ತಾರೀಖನ್ನೇ ಇಡೀ ಮನೆಯ ತಾರೀಖು ಮಾಡಿದರೆ? ಉಳಿದವರ ಕೆಲಸವನ್ನೆಲ್ಲ ಅದಕ್ಕೇ ಪೋಣಿಸಿದರೆ? ನಿಮ್ಮಲ್ಲಿ ವೇಳಾಪಟ್ಟಿ ಎರಡು, ನಾಲ್ಕು, ಆರು ತಿಂಗಳು ಅಂತಿದ್ದರೆ ಅದನ್ನೇ ಹಾಕಿಕೊಳ್ಳಿ, ಲೆಕ್ಕ ಒಂದೇ.

ಹಾಳೆ ಹೀಗಿದೆ. ದಪ್ಪ ಕಾಗದ, ಅಡ್ಡ ಮಡಚಿದ್ದು. ಎಡಗಡೆ ಮನೆಯವರ ಹೆಸರು, ಪುಟ್ಟ ಮಗು ಮೇಲೆ, ಅಜ್ಜ ಅಜ್ಜಿ ಕೆಳಗೆ. ಎದುರಿಗೆ ಚೌಕಗಳು. ಮುಂದೆ ಬೇಕಾದದ್ದು ಪೆನ್ಸಿಲ್ಲಿನಲ್ಲಿ, ಆದದ್ದು ಪೆನ್ನಿನಲ್ಲಿ. ಹೀಗಾಗಿ ಹಾಳೆ ತೆರೆದ ಕೂಡಲೇ ಬೂದು ಅಕ್ಷರ ಎಲ್ಲಿದೆಯೋ ಅಲ್ಲಿ ಕೆಲಸ ಬಾಕಿ ಅಂತ ಗೊತ್ತಾಗುತ್ತದೆ, ಓದಬೇಕಾಗಿಯೂ ಇಲ್ಲ. ಕೆಳಗೆ ಒಂದು ಸಾಲು: ಮುಂದಿನ ಸಲ ಯಾರ್ಯಾರು ಬರಬೇಕು. ಹಾಳೆಯನ್ನು ನಾನು ತಾಯಿ ಗರ್ಭಿಣಿ ಇರುವಾಗಲೇ ತೆರೆಯುತ್ತೇನೆ. ಮೇಲಿನ ಸಾಲು ಖಾಲಿ, ಹೆಸರಿಲ್ಲ, ಆದರೆ ಅದರ ಮೊದಲ ಚೌಕದಲ್ಲಿ "ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ" ಅಂತ ಪೆನ್ಸಿಲ್ಲಿನಲ್ಲಿ ಬರೆದಿರುತ್ತೇನೆ. ಆ ಖಾಲಿ ಸಾಲು ನೋಡಿ ತಾಯಂದಿರು ಖುಷಿ ಪಡುತ್ತಾರೆ, ಬೆರಳಿಟ್ಟು "ಇದು ನನ್ನ ಮಗೂದಾ, ಸಿಸ್ಟರ್?" ಅಂತ ಕೇಳುತ್ತಾರೆ. ಅದೇ ಹೊತ್ತಲ್ಲಿ ನಾಯಿಕೆಮ್ಮಿನ ಮಾತು ತೆಗೆಯುತ್ತೇನೆ. ಮಗುವಿಗೆ ಅದರ ಮೊದಲ ಡೋಸ್ ಆರು ವಾರಕ್ಕೆ, ಅಲ್ಲಿಯವರೆಗೆ ಮಗುವನ್ನು ಕಾಪಾಡುವುದು ತಾಯಿ ಗರ್ಭಿಣಿ ಇದ್ದಾಗ ಪಡೆದ ಟಿಡ್ಯಾಪ್, ಅಂದರೆ ನಾಯಿಕೆಮ್ಮೂ ಸೇರಿದ ದೊಡ್ಡವರ ಲಸಿಕೆ.

ಆರು ವಾರಕ್ಕೆ ಬಂದಾಗ ಮಗುವಿನ ಲಸಿಕೆ, ಜೊತೆಗೆ ತಾಯಿಯ ಬಿಪಿ, ಹಿಮೋಗ್ಲೋಬಿನ್. ರುಬೆಲ್ಲಾ ಲಸಿಕೆ ಆಗಿದೆಯೋ ಇಲ್ಲವೋ ಅಂತಲೂ ನೋಡುತ್ತೇನೆ, ಆಗಿಲ್ಲದಿದ್ದರೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಂದೇ ಲಸಿಕೆ). ಎದೆಹಾಲು ಕುಡಿಸುತ್ತಿದ್ದರೂ ಅಡ್ಡಿ ಇಲ್ಲ, ಹಾಕಿದ ಮೇಲೆ ಒಂದು ತಿಂಗಳು ಮತ್ತೆ ಗರ್ಭಿಣಿ ಆಗಬಾರದು ಅಷ್ಟೇ. ಹತ್ತು ವಾರಕ್ಕೆ ದೊಡ್ಡ ಮಗುವಿನ ಕಾರ್ಡ್ ತರಿಸುತ್ತೇನೆ. ಐದು ವರ್ಷದ ಬೂಸ್ಟರ್ ಬಿಟ್ಟು ಹೋಗಿರುವುದು ಇಲ್ಲೇ ಸಿಗುತ್ತದೆ. ಹನ್ನೊಂದು ಹನ್ನೆರಡರ ಹುಡುಗಿ ಇದ್ದರೆ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ) ಚೌಕ ಬಹುತೇಕ ಖಾಲಿ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರ ಕೊನೆಯಲ್ಲಿ 9ರಿಂದ 20 ವರ್ಷದವರಿಗೆ ಒಂದು ಡೋಸ್ ಕೊಟ್ಟರೂ ನಡೆಯುತ್ತದೆ ಅಂದ ಮೇಲೆ ಮಾತು ಸುಲಭ ಆಯಿತು, ಖರ್ಚೂ ಅರ್ಧ ಅಂತ ಮನೆಯವರಿಗೆ ಹೇಳಬಹುದು.

ಹದಿನಾಲ್ಕು ವಾರಕ್ಕೆ, ಮಗುವನ್ನು ಹಗಲು ನೋಡಿಕೊಳ್ಳುವವರು ಯಾರೋ ಅವರೇ ಎತ್ತಿಕೊಂಡು ಬರಬೇಕು ಅಂತ ಹೇಳಿರುತ್ತೇನೆ. ಅಜ್ಜಿಯೋ ಅಜ್ಜನೋ ಬರುತ್ತಾರೆ. ಬಿಪಿ, ಶುಗರ್, ಫ್ಲೂ ಲಸಿಕೆ. ಈ ಪದ್ಧತಿಯ ನಿಜವಾದ ಲಾಭ ಬಿಪಿಯಲ್ಲಿದೆ. ಒಂದೇ ಸಲ ಜಾಸ್ತಿ ಬಂದರೆ ಬಿಪಿ ಇದೆ ಅಂತ ಬರೆಯಲು ಆಗಲ್ಲ, ಬೇರೆ ದಿನ ಮತ್ತೆ 140/90 ಮುಟ್ಟಬೇಕು. ಬೇರೆ ದಿನ ಬನ್ನಿ ಅಂದರೆ ಯಾರು ಬರುತ್ತಾರೆ? ಆದರೆ ಮಗುವಿನ ಜೊತೆ ಬರುತ್ತಾರೆ. ಹದಿನಾಲ್ಕು ವಾರಕ್ಕೆ ಒಂದು ಅಳತೆ, ಮಗುವಿನ ಮುಂದಿನ ಭೇಟಿಗೆ ಎರಡನೆಯದು, ತಾನಾಗಿ ಸಿಗುತ್ತದೆ. (ಮೇಲಿನ ಅಂಕಿ 180 ದಾಟಿದ್ದರೆ ಕಾಯುವ ಮಾತಿಲ್ಲ, ಅವತ್ತೇ ಡಾಕ್ಟರ ಹತ್ತಿರ.) ಹೀಗೆ ಹತ್ತು ಮನೆ ನೋಡಿದರೆ ಎರಡು ಮೂರು ಮನೆಯಲ್ಲಿ ತಮಗೆ ಬಿಪಿ ಇದೆ ಅಂತಲೇ ಗೊತ್ತಿಲ್ಲದವರು ಸಿಕ್ಕಿದ್ದಾರೆ.

ಇನ್ನು ಆ ಖಾಲಿ ಐದಾರು ತಿಂಗಳು. ಅದಕ್ಕೆ ಮಧ್ಯೆ ಆರನೇ ತಿಂಗಳಿಗೆ ಒಂದು ಭೇಟಿ ಸೇರಿಸಿದೆ. ತೂಕ, ಉದ್ದ, ಎದೆಹಾಲಿನ ಜೊತೆ ಗಟ್ಟಿ ಊಟ ಶುರು ಮಾಡುವ ಮಾತು, ಬೇಕಾದವರಿಗೆ ಫ್ಲೂ ಲಸಿಕೆ. ಆರು ತಿಂಗಳಿಂದ ಅದನ್ನು ಕೊಡಬಹುದಲ್ವಾ, ಮೊದಲ ಸಲದ ಪುಟ್ಟ ಮಗುವಿಗೆ ನಾಲ್ಕು ವಾರ ಬಿಟ್ಟು ಇನ್ನೊಂದು ಡೋಸ್. ಅಂದರೆ ಏಳನೇ ತಿಂಗಳಿಗೆ ಮತ್ತೊಂದು ಭೇಟಿ. ಹೀಗೆ ದಡಾರದ ತಾರೀಖಿನವರೆಗೆ ಆ ಮನೆ ನಮ್ಮ ಕೈ ತಪ್ಪುವುದಿಲ್ಲ. ಫ್ಲೂ ಬೇಡ ಅಂದವರಿಗೂ ತೂಕದ ನೆಪ ಸಾಕು. ಮಗುವಿನ ತೂಕ ಎಷ್ಟಾಯ್ತು ಅಂತ ತಿಳಿಯುವ ಆಸೆ ಇಲ್ಲದ ತಾಯಿಯನ್ನು ನಾನಂತೂ ನೋಡಿಲ್ಲ.

ಅಪ್ಪಂದಿರನ್ನು ಹೇಗೆ ಬರಿಸುತ್ತೇನೆ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೆ ಒಂದು ಪ್ರಶ್ನೆ ಇದೆ, ಸರಿಯಾದ ಹೊತ್ತಿಗೆ ಕೇಳಿದರೆ ಒಂಬತ್ತನೇ ತಿಂಗಳಿಗೆ ಅವರೇ ರಜೆ ಹಾಕಿ ಬರುತ್ತಾರೆ. ಆ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ. ಹಾಳೆಯ ಮೂಲೆಯಲ್ಲಿ ನಾನು ಹಾಕುವ ಗುರುತುಗಳೂ ನನ್ನ ಹತ್ತಿರವೇ ಇರಲಿ, ಪ್ರತಿಯೊಬ್ಬರೂ ತಮ್ಮದನ್ನು ತಾವೇ ಕಂಡುಕೊಂಡರೆ ಚೆನ್ನಾಗಿ ನಡೆಯುತ್ತದೆ.

ಹಾಳೆಯ ಹಿಂದೆ ಬರೆಯುವುದು ಒಂದೇ ವಿಷಯ: ತಪ್ಪಿಸಿದ್ದು ಯಾಕೆ, ಅವರ ಮಾತಲ್ಲೇ. ಅರ್ಧಕ್ಕರ್ಧ ಎರಡೇ ಕಾರಣ. ಒಂದು, "ನೆಗಡಿ ಇತ್ತು." ಸಣ್ಣ ನೆಗಡಿ ಕೆಮ್ಮಿಗೆ ಲಸಿಕೆ ಮುಂದೂಡಬೇಕಾಗಿಲ್ಲ ಅಂತ ನಮಗೆ ಗೊತ್ತು, ಅವರಿಗೆ ಯಾರೂ ಹೇಳಿರುವುದಿಲ್ಲ. ಇನ್ನೊಂದು, "ತಡ ಆಗಿಬಿಟ್ಟಿತು, ಬೈತೀರಿ ಅಂತ ಬರಲಿಲ್ಲ." ತಡವಾದರೆ ಮೊದಲಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಇದನ್ನು ಈಗ ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇನೆ, ಮತ್ತು ತಡವಾಗಿ ಬಂದವರಿಗೆ ನಮ್ಮಲ್ಲಿ ಯಾರೂ ಗದರುವಂತಿಲ್ಲ. ಈ ಒಂದು ನಿಯಮಕ್ಕೆ ಕಾಸೂ ಖರ್ಚಿಲ್ಲ, ಆದರೆ ಮೆಸೇಜ್ ಪ್ಯಾಕೇಜಿಗಿಂತ ಜಾಸ್ತಿ ಮಕ್ಕಳನ್ನು ಕರೆತಂದಿದೆ.

ಒಂದು ಎಚ್ಚರ. ಇಡೀ ಮನೆಯ ಹಾಳೆ ಅಂದ ಮೇಲೆ ಒಬ್ಬರದ್ದು ಇನ್ನೊಬ್ಬರು ಓದುತ್ತಾರೆ. ಸೊಸೆಯ ವಿಷಯ ಅತ್ತೆಗೆ ಗೊತ್ತಾಗಬಾರದು ಅಂತಿರುತ್ತದೆ, ಮಗನ ವಿಷಯ ಅಪ್ಪನಿಗೆ. ಹಾಗಾಗಿ ಗುಟ್ಟಿನದ್ದೆಲ್ಲ ಡಾಕ್ಟರ ಫೈಲಿಗೆ, ಹಾಳೆಯಲ್ಲಿ ಬರೀ ಒಂದು ಚುಕ್ಕೆ.

ದುಡ್ಡಿನ ಲೆಕ್ಕ. ಹಾಳೆ, ಪೆಟ್ಟಿಗೆ, ಪೆನ್ಸಿಲ್ ಎಲ್ಲಾ ಸೇರಿ ವರ್ಷಕ್ಕೆ ಆಗುವ ಖರ್ಚು, ಮೆಸೇಜ್ ಪ್ಯಾಕೇಜಿನ ಎರಡು ತಿಂಗಳ ಹಣಕ್ಕಿಂತ ಕಡಿಮೆ. ನಿಜವಾದ ಖರ್ಚು ಸಮಯ. ಮೊದಲ ಭೇಟಿಗೆ ಏಳೆಂಟು ನಿಮಿಷ ಜಾಸ್ತಿ, ಆಮೇಲೆ ಒಂದೆರಡು. ಲಸಿಕೆ ಹಾಕಿದ ಮೇಲೆ ಹೇಗೂ ಕನಿಷ್ಠ ಹದಿನೈದು ನಿಮಿಷ ಕೂರಿಸಬೇಕಲ್ವಾ, ಹಾಳೆ ತುಂಬುವುದು ಆಗಲೇ. ಡಾಕ್ಟರು ಹೆದರಿದ್ದ ಸರತಿ ಸಾಲು ಬೆಳೆಯಲೇ ಇಲ್ಲ. ದೊಡ್ಡ ಪೆಟ್ಟು ಬಿದ್ದದ್ದು ಫ್ಲೂ ಲಸಿಕೆಯಲ್ಲಿ. ಮೊದಲ ವರ್ಷ ಎಲ್ಲ ಅಜ್ಜ ಅಜ್ಜಿಯರೂ ಹಾಕಿಸಿಕೊಳ್ಳುತ್ತಾರೆ ಅಂತ ರಾಶಿ ತರಿಸಿದೆವು, ಮೂರರಲ್ಲಿ ಒಂದು ಪಾಲು ಹಾಗೇ ಉಳಿಯಿತು. ಅದರ ತಳಿ ಸೀಸನ್‌ನಿಂದ ಸೀಸನ್‌ಗೆ ಬದಲಾಗುತ್ತದೆ, ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಡುವ ಹಾಗಿಲ್ಲ. ಕ್ಲಿನಿಕ್ಕಿನ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಕಸಕ್ಕೆ ಹೋಯಿತು. ಈಗ ಪೆನ್ಸಿಲ್ ಬರಹ ಎಣಿಸಿ, ಅದರ ಮುಕ್ಕಾಲು ಪಾಲು ಮಾತ್ರ ತರಿಸುತ್ತೇನೆ. ಹಾಳೆಯಿಂದ ಉಳಿದ ಹಣದಲ್ಲಿ ಇದೇ ದೊಡ್ಡದು.

ದಡಾರದ ವಯಲ್ (ಹಲವು ಮಕ್ಕಳಿಗೆ ಆಗುವ ಲಸಿಕೆಯ ಸೀಸೆ) ಲೆಕ್ಕವೂ ಸುಧಾರಿಸಿತು. ಕಲಸಿದ ಮೇಲೆ ಬಳಸಬಹುದಾದದ್ದು ಆರು ಗಂಟೆ, ಇಲ್ಲವೇ ಅವತ್ತಿನ ಕೆಲಸ ಮುಗಿಯುವವರೆಗೆ, ಯಾವುದು ಮೊದಲೋ ಅದು. ಒಂದೇ ಮಗು ಬಂದರೂ ವಯಲ್ ಒಡೆಯುತ್ತೇನೆ, ವಾಪಸ್ ಕಳಿಸುವುದಿಲ್ಲ. ಆದರೆ ಹಾಳೆ ನೋಡಿ ಅಕ್ಕಪಕ್ಕದ ತಾರೀಖಿನ ನಾಲ್ಕೈದು ಮನೆಗಳನ್ನು ಒಂದೇ ದಿನಕ್ಕೆ ಕರೆಯುವುದರಿಂದ ಮೊದಲು ಚೆಲ್ಲುತ್ತಿದ್ದದ್ದರ ಅರ್ಧವೂ ಈಗ ಚೆಲ್ಲುವುದಿಲ್ಲ.

ಈ ಮಧ್ಯೆ ಫ್ರಿಜ್ ಜೊತೆ ಒಂದಷ್ಟು ಪ್ರಯೋಗ ಮಾಡಿದೆ. ಲಸಿಕೆ ಬಿಸಿಯಾಗುತ್ತದೆ ಅಂತ ಎಲ್ಲರೂ ಹೆದರುತ್ತಾರೆ, ನನಗೆ ಹೆದರಿಕೆ ಹೆಪ್ಪುಗಟ್ಟುವುದರದ್ದು. ಥರ್ಮಾಮೀಟರನ್ನು ನಡುವಿನ ತಟ್ಟೆಯಿಂದ ತೆಗೆದು ಹಿಂದಿನ ಗೋಡೆಗೆ ತಾಗಿಸಿ ಇಟ್ಟು ನೋಡಿ, ನಡುವೆ 4 ಡಿಗ್ರಿ ತೋರಿಸುವ ಫ್ರಿಜ್ಜೇ ಅಲ್ಲಿ ಸೊನ್ನೆಯ ಹತ್ತಿರ ಇರುತ್ತದೆ. ಹೆಪಟೈಟಿಸ್ ಬಿ ಹಾಳಾಗಲು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ಹೋದರೆ ಸಾಕು. ಅವಧಿ ಮುಗಿದ ಒಂದು ಟಿಡಿ (ಧನುರ್ವಾಯು, ಗಂಟಲುಮಾರಿ ಲಸಿಕೆ) ವಯಲ್ಲನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಕರಗಿಸಿ, ಅದೇ ಬ್ಯಾಚಿನ, ಹೆಪ್ಪುಗಟ್ಟದ ವಯಲ್ ಜೊತೆ ಅಲ್ಲಾಡಿಸಿ ಮೇಜಿನ ಮೇಲಿಟ್ಟೆ. ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಿದ್ದರ ತಳದಲ್ಲಿ ಬಿಳಿ ಚೂರುಗಳು ಕೂತು ಮೇಲೆ ತಿಳಿನೀರು ನಿಂತಿತ್ತು. ಇನ್ನೊಂದು ಹಾಲಿನ ಹಾಗೆ ಮಬ್ಬಾಗಿಯೇ ಇತ್ತು. ಹೊಸದಾಗಿ ಸೇರುವ ಹುಡುಗಿಯರಿಗೆ ಇದನ್ನು ತೋರಿಸಿದ ಮೇಲೆ ಒಬ್ಬರೂ ಡಬ್ಬಿಯನ್ನು ಗೋಡೆಗೆ ಒತ್ತಿ ಇಟ್ಟಿಲ್ಲ. ಕೆಳಗಿನ ತಟ್ಟೆ ಮತ್ತು ಬಾಗಿಲ ತುಂಬ ನೀರಿನ ಬಾಟಲಿ ಜೋಡಿಸಿ, ಲಸಿಕೆ ಬೇರೆ ಕಡೆ ಇಟ್ಟು, ಕರೆಂಟ್ ಹೋದರೆ ಏನಾಗುತ್ತದೆ ಅಂತ ಪ್ಲಗ್ ಕಿತ್ತು ನೋಡಿದೆ. ಬಾಟಲಿ ಇಲ್ಲದಾಗ ಎರಡು ಗಂಟೆ ಚಿಲ್ಲರೆಗೆ ಲಸಿಕೆಯ ಮಿತಿಯಾದ 8 ಡಿಗ್ರಿ ದಾಟಿದ್ದು, ಬಾಟಲಿ ಇದ್ದಾಗ ಐದು ಗಂಟೆಯ ಹತ್ತಿರ ತಡೆಯಿತು.

ನೋವಿನ ವಿಷಯಕ್ಕೂ ಕೈ ಹಾಕಿದೆ, ಯಾಕಂದರೆ ಮೊದಲ ಸಲ ಕಿರುಚಿದ ಮಗುವನ್ನು ಎರಡನೇ ಸಲ ಕರೆತರಲು ಅಜ್ಜಿಯೇ ಬಿಡುವುದಿಲ್ಲ. ಬಾಯಿಗೆ ಹಾಕುವ ರೋಟಾ (ಭೇದಿ ತಡೆಯುವ ಲಸಿಕೆ) ಮೊದಲು, ಹೆಚ್ಚು ಉರಿಯುವ ಇಂಜೆಕ್ಷನ್ ಕೊನೆಗೆ. ಸೂಜಿ ಚುಚ್ಚಿ ಹಿಂದಕ್ಕೆ ಎಳೆದು ರಕ್ತ ಬರುತ್ತಾ ಅಂತ ನೋಡುವ ಹಳೆ ಅಭ್ಯಾಸ ಬಿಟ್ಟೆವು. ಮಗು ಎದೆಹಾಲು ಕುಡಿಯುತ್ತಿರುವಾಗಲೇ ಹಾಕುತ್ತೇನೆ, ಕೆಲವು ಮಕ್ಕಳು ಒಂದು ಸಲ ಮುಖ ಸಿಂಡರಿಸಿ ಮತ್ತೆ ಕುಡಿಯಲು ಶುರು ಮಾಡುತ್ತವೆ. ದೊಡ್ಡ ಮಕ್ಕಳಿಗೆ "ನೋವೇ ಆಗಲ್ಲ" ಅಂತ ಸುಳ್ಳು ಹೇಳಬಾರದು, ಮುಂದಿನ ಸಲ ನಂಬುವುದಿಲ್ಲ. ಎಚ್‌ಪಿವಿಗೆ ಬರುವ ಹುಡುಗಿಯರನ್ನು ಮಲಗಿಸಿಯೇ ಹಾಕುತ್ತೇನೆ, ತಲೆ ತಿರುಗಿ ಬೀಳುವುದು ನಿಂತೇ ಹೋಯಿತು. ಲಸಿಕೆಗೆ ಮೊದಲೇ ಪ್ಯಾರಾಸಿಟಮಾಲ್ ಕೊಡಿಸುವ ಪದ್ಧತಿ ನಮ್ಮಲ್ಲಿ ಇಲ್ಲ, ನೀವೂ ಬಿಡಿ. ಜ್ವರ ಬಂದರೆ ಆಮೇಲೆ ಕೊಟ್ಟರೆ ಸಾಕು.

ಈಗ ಎರಡನೇ ದಡಾರದ ಡೋಸಿಗೆ ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಮಕ್ಕಳು ಬರುತ್ತಿದ್ದಾರೆ. 95 ಮುಟ್ಟಿದ್ದೇವೆ ಅಂತ ಹೇಳಲಾರೆ, ಆದರೆ ದೂರ ಇಲ್ಲ. ಸರಿ ಹೋಗದೆ ಉಳಿದಿರುವುದು ಪುಟ್ಟ ಮಕ್ಕಳೇ ಇಲ್ಲದ ಮನೆಗಳು. ಬರೀ ವಯಸ್ಸಾದವರು, ಕಟ್ಟಿಹಾಕಲು ಮಗುವಿನ ತಾರೀಖು ಇಲ್ಲ. ಫ್ಲೂ ಸೀಸನ್ನನ್ನೇ ತಾರೀಖು ಮಾಡಿ ನೋಡಿದೆ, ಅರ್ಧದಷ್ಟು ಜನ ಬಂದರು. ಈ ಸಲ ಅವರ ಹಾಳೆಯನ್ನು ಮದುವೆಯಾಗಿ ಬೇರೆ ಇರುವ ಮಗಳ ಮನೆಯ ಹಾಳೆಗೆ ಪಿನ್ ಹೊಡೆದು ಇಟ್ಟಿದ್ದೇನೆ, ಮೊಮ್ಮಗು ಬರುವ ದಿನವೇ ಅವರೂ ಬರಲಿ ಅಂತ. ಮೊದಲ ಕೆಲವು ಮನೆಯವರು ಬಂದರು. ಸೀಸನ್ ಮುಗಿದ ಮೇಲೆ ಎಣಿಸಿ ಹೇಳುತ್ತೇನೆ.