ಕೊರಿಯಾಗೆ ಹೋಗುವವರೇ, ‘ಮದುವೆ ಆಯ್ತಾ’ ಅಂತ ಕೇಳುವ ಮುಂಚೆ

ಕೆಲಸಕ್ಕೋ ಓದಲಿಕ್ಕೋ ದಕ್ಷಿಣ ಕೊರಿಯಾಗೆ ಹೊರಟಿದ್ದೀರಾ? ಹಾಗಾದರೆ ಮೊದಲು ಒಂದು ಅಭ್ಯಾಸ ಬಿಡಿ. ನಮ್ಮಲ್ಲಿ ಪರಿಚಯ ಆದ ಐದೇ ನಿಮಿಷಕ್ಕೆ ‘ಮದುವೆ ಆಯ್ತಾ, ಮಕ್ಕಳೆಷ್ಟು’ ಅಂತ ಕೇಳಿಬಿಡುತ್ತೇವೆ. ಅದರಲ್ಲಿ ಕೆಟ್ಟ ಉದ್ದೇಶ ಏನೂ ಇರುವುದಿಲ್ಲ. ಆದರೆ ಅಲ್ಲಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು ಈ ಪ್ರಶ್ನೆಯನ್ನು ಮನೆಯಲ್ಲಿ, ಹಬ್ಬದಲ್ಲಿ, ಕೆಲಸದ ಇಂಟರ್‌ವ್ಯೂನಲ್ಲೂ ಕೇಳಿಸಿಕೊಂಡು ಬೇಸತ್ತಿರುತ್ತಾಳೆ. ಕೆಲಸಕ್ಕೆ ಅರ್ಜಿ ಹಾಕಿದವರ ಮದುವೆಯ ವಿವರ ಕಂಪನಿಗಳು ಕೇಳಬಾರದು ಅಂತ 2019ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು.

‘ನನಗೆ ಮದುವೆ ಬೇಡ, ಮಗು ಬೇಡ’ ಅನ್ನುವವರು ಸಿಕ್ಕರೆ ಬುದ್ಧಿ ಹೇಳಲು ಹೋಗಬೇಡಿ. 2023ರಲ್ಲಿ ಅಲ್ಲಿನ ಜನನ ದರ ಒಬ್ಬ ಹೆಣ್ಣಿಗೆ ಸರಾಸರಿ 0.72 ಮಗುವಿಗೆ ಇಳಿದಿತ್ತು. ಇದನ್ನು ಸ್ವಾರ್ಥ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ರಾಜಧಾನಿ ಸೋಲ್‌ನಲ್ಲಿ ಮನೆ ವಿಪರೀತ ದುಬಾರಿ, ಆಫೀಸು ಮುಗಿಯುವಾಗ ರಾತ್ರಿ, ಮಗು ಆದ ಮೇಲೆ ಕೆಲಸ ಬಿಡುವವಳು ಹೆಚ್ಚಾಗಿ ತಾಯಿಯೇ, ಮತ್ತು ಕೆಲವು ವರ್ಷ ಬಿಟ್ಟು ವಾಪಸ್ ಬಂದರೆ ಹಳೆಯ ಹುದ್ದೆ, ಹಳೆಯ ಸಂಬಳ ಸಿಗುವುದು ಕಷ್ಟ. ಗಂಡು-ಹೆಣ್ಣಿನ ಸಂಬಳದ ಅಂತರ ಸುಮಾರು ಶೇಕಡಾ 30. ಒಇಸಿಡಿ ಅನ್ನುವ, ಬಹುಪಾಲು ಶ್ರೀಮಂತ ದೇಶಗಳೇ ಇರುವ ಕೂಟದಲ್ಲಿ ಇದು ಅತಿ ಹೆಚ್ಚು.

ಹುಡುಗರ ಜೊತೆ ಮಾತಾಡುವಾಗ ಸೈನ್ಯದ ವಿಷಯ ಕೇಳಿ. ಆರೋಗ್ಯವಂತ ಗಂಡಸರೆಲ್ಲ ಕಡ್ಡಾಯವಾಗಿ ಸೇವೆ ಮಾಡಬೇಕು, ಭೂಸೇನೆಯಲ್ಲಾದರೆ 18 ತಿಂಗಳು. ಸೇವೆ ಮುಗಿಸಿದವರಿಗೆ ಮೊದಲೆಲ್ಲ ಸರ್ಕಾರಿ ಪರೀಕ್ಷೆಯಲ್ಲಿ ಹೆಚ್ಚುವರಿ ಅಂಕ ಇತ್ತು. ಹೆಂಗಸರಿಗೂ ಅಂಗವಿಕಲರಿಗೂ ಅದು ಅನ್ಯಾಯ ಅಂತ 1999ರಲ್ಲಿ ಸಂವಿಧಾನ ನ್ಯಾಯಾಲಯ ರದ್ದು ಮಾಡಿತು. ಆ ಸಿಟ್ಟು ಇನ್ನೂ ಇದೆ. ಮೇಲಿಂದ ಮದುವೆಗೆ ಮನೆ ಹೊಂದಿಸುವುದು ಗಂಡಿನ ಕಡೆಯವರ ಜವಾಬ್ದಾರಿ ಅನ್ನುವ ಹಳೆಯ ನಿರೀಕ್ಷೆ ಬೇರೆ. ಸುಮ್ನೆ ಕೇಳಿಸಿಕೊಳ್ಳಿ. ‘ಹೆಂಗಸರ ಕಷ್ಟ ಜಾಸ್ತಿ’ ಅಂತ ತಕ್ಷಣ ತಕ್ಕಡಿ ಹಿಡಿಯಬೇಡಿ. 2022ರ ಅಧ್ಯಕ್ಷರ ಚುನಾವಣೆಯಲ್ಲಿ ಇಪ್ಪತ್ತರ ಹರೆಯದ ಹುಡುಗರು ಹೆಚ್ಚಾಗಿ ಸಂಪ್ರದಾಯವಾದಿ ಅಭ್ಯರ್ಥಿ ಯೂನ್ ಸುಕ್ ಯೋಲ್ ಕಡೆಗೆ, ಹುಡುಗಿಯರು ಉದಾರವಾದಿ ಅಭ್ಯರ್ಥಿ ಲೀ ಜೇ ಮ್ಯುಂಗ್ ಕಡೆಗೆ ನಿಂತರು. ಒಂದೇ ಆಫೀಸಿನ ಎರಡು ಮೇಜುಗಳ ನಡುವೆಯೂ ಈ ಬಿರುಕು ಇರುತ್ತದೆ. ಹಾಗಾಗಿ ಗುಂಪಿನಲ್ಲಿ, ಅದರಲ್ಲೂ ಕುಡಿಯುವಾಗ, ಈ ಚರ್ಚೆ ಎತ್ತಲೇಬೇಡಿ. ಒಬ್ಬೊಬ್ಬರೇ ಸಿಕ್ಕಾಗ ಕೇಳಿ.

ಚುಸೋಕ್ ಹಬ್ಬಕ್ಕೆ ಯಾರಾದರೂ ಮನೆಗೆ ಕರೆದರೆ ತಪ್ಪಿಸಬೇಡಿ. ಡ್ರಾಮಾ ನೋಡಿ ತಿಳಿಯದ್ದು ಅಲ್ಲಿ ಕಣ್ಣಿಗೆ ಬೀಳುತ್ತದೆ. ಹಿರಿಯರಿಗೆ ಎಡೆ ಇಡುವ ಹಬ್ಬ ಅದು. ಎಡೆ ಗಂಡನ ವಂಶದ ಹಿರಿಯರಿಗೆ, ನಮಸ್ಕಾರ ಮಾಡುವವರು ಗಂಡಸರು, ಅಡುಗೆ ಮಾತ್ರ ಹೊರಗಿನಿಂದ ಬಂದ ಸೊಸೆಯದು. ನಮ್ಮ ಪಕ್ಷದ ಅಡುಗೆ ನೆನಪಾಗುತ್ತದೆ ಅಲ್ವಾ? ದಿನವಿಡೀ ಎಣ್ಣೆ ಮುಂದೆ ಕೂತು ‘ಜೋನ್’ ಅನ್ನುವ, ಹಿಟ್ಟು ಸವರಿದ ತರಕಾರಿ-ಮೀನಿನ ತಿಂಡಿ ಬೇಯಿಸಿ ಬೇಯಿಸಿ ಹಬ್ಬದ ಹೊತ್ತಿಗೆ ಮೈಕೈ ನೋವು, ಮನೆಯಲ್ಲಿ ಜಗಳ. ಎಣ್ಣೆಯಲ್ಲಿ ಕರಿದದ್ದು ಎಡೆಗೆ ಬೇಕಾಗೇ ಇಲ್ಲ, ಒಂಬತ್ತು ಬಗೆ ಸಾಕು ಅಂತ ಕನ್‌ಫ್ಯೂಷಿಯಸ್ ಸಂಪ್ರದಾಯದ ಸಂಸ್ಥೆ ಸುಂಗ್ಯುನ್‌ಗ್ವಾನ್ ತಾನೇ 2022ರಲ್ಲಿ ಹೇಳಿತು. ಗಂಡಸನ್ನೇ ಮನೆಯ ಯಜಮಾನ ಅಂತ ದಾಖಲಿಸುವ ‘ಹೋಜು’ ಪದ್ಧತಿ 2008ರಲ್ಲೇ ಹೋಗಿದೆ. ಹಿರಿಯರ ಕಾರ್ಯ ನಡೆಸುವ ಹಕ್ಕಿನಲ್ಲಿ ಮಗನಿಗೇ ಆದ್ಯತೆ ಅನ್ನುವ ನಿಯಮವನ್ನೂ 2023ರಲ್ಲಿ ಸುಪ್ರೀಂ ಕೋರ್ಟ್ ಕೈಬಿಟ್ಟಿತು. ಅಡುಗೆಮನೆ ಮಾತ್ರ ನಿಧಾನಕ್ಕೆ ಬದಲಾಗುತ್ತಿದೆ.

ಅಲ್ಲಿಗೆ ಹೋದಾಗ ಊಟ ಮುಗಿದ ಕೂಡಲೇ ತಟ್ಟೆ ಎತ್ತಿ, ನೀವು ಗಂಡಸಾಗಿದ್ದರೆ ಖಂಡಿತ ಎತ್ತಿ. ಮನೆಯ ಅಜ್ಜಿ ಬೇಡ ಅನ್ನುತ್ತಾರೆ, ಇನ್ನೊಂದು ಸಲ ಕೇಳಿ. ಆಗಲೂ ಬೇಡ ಅಂದರೆ ಹಟ ಬೇಡ. ‘ಸೊಸೆ ಬಲು ಒಳ್ಳೆಯವಳು, ಎಲ್ಲಾ ಒಬ್ಬಳೇ ಮಾಡಿದ್ದಾಳೆ’ ಅಂತ ಅತ್ತೆಯ ಮುಂದೆ ಹೊಗಳಬೇಡಿ. ಮುಂದಿನ ವರ್ಷವೂ ಅವಳೇ ಒಬ್ಬಳೇ ಮಾಡಬೇಕಾದೀತು.

ಇನ್ನು ಆಫೀಸಿನಲ್ಲಿ ಮಗು ನೋಡಿಕೊಳ್ಳಲು ರಜೆ ಹಾಕುವ ಅಪ್ಪಂದಿರು ಸಿಗುತ್ತಾರೆ. 2024ರಲ್ಲಿ ಈ ರಜೆ ಪಡೆದವರಲ್ಲಿ ಶೇಕಡಾ 30ಕ್ಕಿಂತ ಹೆಚ್ಚು ಜನ ಗಂಡಸರು. ಆದರೂ ಬಡ್ತಿ ತಪ್ಪೀತು ಅನ್ನುವ ಭಯದಲ್ಲೇ ಎಷ್ಟೋ ಜನ ಅರ್ಜಿ ಕೊಡುತ್ತಾರೆ. ನಿಮ್ಮ ಪಕ್ಕದವನು ಹೋಗುತ್ತಿದ್ದರೆ ‘ಯಾಕೆ, ಹೆಂಡತಿ ಇಲ್ವಾ?’ ಅನ್ನಬೇಡಿ. ಯಾವತ್ತಿಂದ ರಜೆ, ಅವನ ಕೆಲಸದಲ್ಲಿ ಯಾವುದನ್ನು ನೀವು ನೋಡಿಕೊಳ್ಳಬೇಕು ಅಂತ ಕೇಳಿ.