ಎಡದಿಂದ ಮೂರನೆಯವಳು

ಹಳೇ ಫೋಟೋದ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ. ನಾನು ಬರೆದು ಕೆಟ್ಟಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಸಾಲಾಗಿ ನಿಂತ ಆರು ಹುಡುಗಿಯರ ಕಪ್ಪುಬಿಳುಪು ಫೋಟೋ ಅದು. ಹಿಂದೆ ಒತ್ತಿ ಬರೆದ ಗೆರೆ ಮುಂದೆ ಉಬ್ಬಿತು. ಎಡದಿಂದ ಮೂರನೆಯವಳ ಕೆನ್ನೆಯ ಮೇಲೆ ಅದರ ಗುರುತು ಹಾಗೇ ಉಳಿದಿದೆ. ಅಷ್ಟು ಮಾಡಿ ಬರೆದದ್ದಾದರೂ ಏನು? ತಪ್ಪು ವರ್ಷ.

ಜಿಮ್ನಾಸ್ಟಿಕ್ಸ್ ಕಲಿಸುವುದು ನನ್ನ ಕೆಲಸ. ಇತಿಹಾಸ ಓದಿದವನಲ್ಲ. ಸಾಮಾನಿನ ಕೋಣೆ ಖಾಲಿ ಮಾಡುವಾಗ ಹರಿದ ಮ್ಯಾಟ್‌ಗಳ ಕೆಳಗೆ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಫೋಟೋ, ಅಂಕದ ಹಾಳೆ, ಸ್ಪರ್ಧೆಗಳ ಕರಪತ್ರ, ನಾಲ್ಕು ವಿಎಚ್‌ಎಸ್ ಕ್ಯಾಸೆಟ್. ಗುಜರಿಗೆ ಹೋಗಬೇಕಿದ್ದದ್ದು ನನ್ನ ಮನೆಗೆ ಬಂತು. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಏಳು ವರ್ಷ ಆಯ್ತು.

ಫೋಟೋ ಯಾವ ಕಾಲದ್ದು ಅಂತ ತಿಳಿಯಲು ನಾನು ಮುಖ ನೋಡುವುದಿಲ್ಲ, ಸಾಮಾನು ನೋಡುತ್ತೇನೆ. ವಾಲ್ಟ್‌ಗೆ, ಅಂದರೆ ಓಡಿ ಬಂದು ಕೈಯೂರಿ ಹಾರುವುದಕ್ಕೆ, ಮೊದಲು ಇದ್ದದ್ದು ಉದ್ದನೆಯ 'ಕುದುರೆ'. ಗಂಡಸರು ಅದನ್ನು ಉದ್ದಕ್ಕೆ ಹಾರುತ್ತಿದ್ದರು, ಹೆಂಗಸರು ಅಡ್ಡಕ್ಕೆ. 2001ರಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಅಗಲವಾದ ಟೇಬಲ್ ಬಂತು. ಅಂಕದ ಹಾಳೆಯೂ ಬಾಯಿಬಿಡುತ್ತದೆ. ದೊಡ್ಡ ಸ್ಪರ್ಧೆಯ ಹಾಳೆಯಲ್ಲಿ ಒಂದು ವ್ಯಾಯಾಮಕ್ಕೆ 14 ಅಥವಾ 15 ಅಂಕ ಕಂಡರೆ ಅದು 2006ರ ಈಚಿನದು. ಆ ವರ್ಷವೇ ಹೆಚ್ಚೆಂದರೆ ಹತ್ತು ಅನ್ನುವ ಲೆಕ್ಕ ಹೋಗಿ ಹೊಸ ಲೆಕ್ಕ ಬಂದದ್ದು. ಎಲ್ಲರೂ ಒಂದೇ ವ್ಯಾಯಾಮ ಮಾಡುವ 'ಕಂಪಲ್ಸರಿ' ಸುತ್ತು ಒಲಿಂಪಿಕ್ಸ್‌ನಲ್ಲಿ ಕಡೆಯ ಸಲ ನಡೆದದ್ದು 1996ರ ಅಟ್ಲಾಂಟಾದಲ್ಲಿ.

ನನ್ನ ತಪ್ಪು ಆಗಿದ್ದು ಅನ್‌ಈವನ್ ಬಾರ್ಸ್, ಅಂದರೆ ಒಂದು ಎತ್ತರ ಒಂದು ತಗ್ಗಿನ ಜೋಡಿ ಕಂಬಿ ನೋಡಿ. ಹಿಂದೆ ಆ ಎರಡು ಕಂಬಿಗಳು ಹತ್ತಿರ ಹತ್ತಿರ ಇರುತ್ತಿದ್ದವು. ಮೇಲಿನ ಕಂಬಿಯಿಂದ ತೂಗಿ ಬಂದು ಕೆಳಗಿನದಕ್ಕೆ ಸೊಂಟ ಬಡಿದು ಸುತ್ತಿಕೊಳ್ಳುವ ಕಾಲ ಅದು. ಹೋಗ್ತಾ ಹೋಗ್ತಾ ಅಂತರ ಜಾಸ್ತಿ ಆಯಿತು. ಆರು ಹುಡುಗಿಯರ ಹಿಂದೆ ಕಂಬಿಗಳು ಒತ್ತೊತ್ತಾಗಿ ಕಂಡವು. '1960ರ ಸುಮಾರು' ಅಂತ ಧೈರ್ಯವಾಗಿ ಬರೆದುಬಿಟ್ಟೆ. ಆಮೇಲೆ ಅದೇ ಪೆಟ್ಟಿಗೆಯ ಕರಪತ್ರವೊಂದರಲ್ಲಿ ಅದೇ ಉಡುಪು, ಅದೇ ಸಾಲು. ವರ್ಷ 1978. ಹೊಸ ಸಲಕರಣೆ ಎಲ್ಲ ಕಡೆ ಒಂದೇ ದಿನ ಬರುವುದಿಲ್ಲ, ಅಲ್ವಾ? ದುಡ್ಡಿಲ್ಲದ ಕ್ಲಬ್ಬು ಹಳೇದರಲ್ಲೇ ಇಪ್ಪತ್ತು ವರ್ಷ ದೂಡುತ್ತದೆ. ಹೊಸ ಸಾಮಾನು ಕಂಡರೆ 'ಇದಕ್ಕಿಂತ ಹಿಂದಿನದಲ್ಲ' ಅನ್ನಬಹುದು. ಹಳೇ ಸಾಮಾನು ಕಂಡರೆ ಏನೂ ಅನ್ನುವ ಹಾಗಿಲ್ಲ. ಈಗ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ, ಊಹೆಯಾದರೆ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕುತ್ತೇನೆ.

ಕ್ಯಾಸೆಟ್ಟಿನದು ಇನ್ನೊಂದು ಕಥೆ. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಾಣುತ್ತಿತ್ತು. ನೋಡಿಯೇಬಿಡೋಣ ಅಂತ ಪ್ಲೇಯರಿಗೆ ಹಾಕಿದೆ. ಟೇಪು ಸಿಕ್ಕಿ ಹರಿಯಿತು, ಪ್ಲೇಯರಿನ ಒಳಗೂ ಬೂಷ್ಟು ಹತ್ತಿತು. ಉಳಿದ ಮೂರನ್ನು ಮುಟ್ಟದೆ, ಶುಚಿ ಮಾಡಿ ಡಿಜಿಟಲ್ ಮಾಡುವವರ ಹತ್ತಿರ ಕೊಟ್ಟೆ. ಫ್ಯಾಕ್ಸಿನಲ್ಲಿ ಬಂದ ಫಲಿತಾಂಶದ ನುಣುಪು ಹಾಳೆಗಳು ಆಗಲೇ ಅರ್ಧ ಮಾಸಿದ್ದವು. ಬಿಸಿ ತಾಗಿದರೆ ಮೂಡುವ ಅಕ್ಷರ ಅದು, ಕಾಲ ಕಳೆದ ಹಾಗೆ ತಾನಾಗಿ ಹೋಗುತ್ತದೆ. ಹಾಗಾಗಿ ಸ್ಕ್ಯಾನ್ ಮಾಡುವಾಗ ಮೊದಲ ಸರದಿ ಅವಕ್ಕೇ. ಫೋಟೋಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಟಿಫ್ ಕಡತವಾಗಿ ಇಡುತ್ತೇನೆ. ಮೂರು ಪ್ರತಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ. ತುಕ್ಕು ಹಿಡಿದ ಪಿನ್ನು ತೆಗೆಯುವುದು, ಗಮ್‌ಟೇಪ್ ಹಚ್ಚದಿರುವುದು, ಇವೆಲ್ಲ ನಿಮಗೇ ಗೊತ್ತಿರುತ್ತದೆ.

ಕಾಗದ ಉಳಿಸುವುದು ಸುಲಭ. ಹೆಸರು ಉಳಿಸುವುದೇ ಕಷ್ಟ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಂಗಸರಿಗೆ ಜಿಮ್ನಾಸ್ಟಿಕ್ಸ್ ಇಟ್ಟರು, ಅದೂ ತಂಡದ ಸ್ಪರ್ಧೆ ಮಾತ್ರ. ಚಿನ್ನ ನೆದರ್ಲೆಂಡ್ಸ್‌ಗೆ. ಆ ತಂಡದಲ್ಲಿದ್ದ ಯಹೂದಿ ಹುಡುಗಿಯರಲ್ಲಿ ನಾಲ್ವರನ್ನೂ ಅವರ ಕೋಚ್ ಗೆರಿಟ್ ಕ್ಲೇರೆಕೋಪರ್ ಅವರನ್ನೂ ಮುಂದೆ ನಾಜಿಗಳು ಕೊಂದರು. ಒಬ್ಬೊಬ್ಬರ ಹೆಸರು ಬರೆದಿಟ್ಟಿದ್ದರಿಂದ ಇವತ್ತು ಹೀಗೆ ಲೆಕ್ಕ ಹಿಡಿದು ಹೇಳಬಹುದು. ಬರೀ 'ನೆದರ್ಲೆಂಡ್ಸ್ ತಂಡ' ಅಂತ ಬಿಟ್ಟಿದ್ದರೆ? ಇದನ್ನು ಓದಿದ ಮೇಲೆ ನನ್ನ ಆರು ಹುಡುಗಿಯರನ್ನು ಸುಮ್ನೆ ಬಿಡಲು ಆಗಲಿಲ್ಲ. ಐವರ ಹೆಸರು ಸಿಕ್ಕಿತು. ಮೂರನೆಯವಳದು ಸಿಗಲಿಲ್ಲ.

ಹಳೇ ಆಟಗಾರರನ್ನು ಹುಡುಕಿಕೊಂಡು ಹೋಗಿ ಮಾತು ರೆಕಾರ್ಡ್ ಮಾಡತೊಡಗಿದೆ. 'ಆ ಕಾಲದ ಬಗ್ಗೆ ಹೇಳಿ' ಅಂದರೆ ಎಲ್ಲರದೂ ಒಂದೇ ಉತ್ತರ: 'ಚೆನ್ನಾಗಿತ್ತು.' ಒಂದು ದಿನ ಅಕಸ್ಮಾತ್ ಪೆಟ್ಟಿಗೆಯಲ್ಲಿದ್ದ ಹಳೇ ಚರ್ಮದ ಗ್ರಿಪ್, ಕಂಬಿ ಹಿಡಿಯಲು ಅಂಗೈಗೆ ಕಟ್ಟುವ ಪಟ್ಟಿ, ಒಬ್ಬರ ಕೈಗೆ ಕೊಟ್ಟೆ. ಅರವತ್ತು ದಾಟಿದವರು. ಅವರ ಬೆರಳು ತಾವಾಗಿ ತೂತಿನೊಳಗೆ ಹೋದವು, ಮಣಿಕಟ್ಟು ಬಿಗಿಯಾಯಿತು. ಆಮೇಲೆ ಮಾತು ನಿಲ್ಲಲೇ ಇಲ್ಲ. ಮೇಲೆ ನಡೆದು ಹಾರುವ, ಮೆತ್ತೆ ಇಲ್ಲದ ಬರೀ ಮರದ ಬೀಮು, ಬೆವರಿದರೆ ಜಾರುತ್ತಿದ್ದದ್ದು, ಮೊಣಕಾಲಿನ ಚಿಪ್ಪು ಬಡಿಸಿಕೊಂಡದ್ದು, ಸ್ಪ್ರಿಂಗ್ ಇಲ್ಲದ ನೆಲದಲ್ಲಿ ಹಾರಿ ಇಳಿದಾಗ ಹಲ್ಲು ಕಟಕಟ ಅಂದದ್ದು. ಅಂದಿನಿಂದ ಪ್ರಶ್ನೆ ಪಟ್ಟಿ ಬಿಟ್ಟೆ. ಚೀಲದಲ್ಲಿ ಒಂದು ಗ್ರಿಪ್, ಕೈ ಜಾರದಂತೆ ಹಚ್ಚುವ ಒಂದು ಮೆಗ್ನೀಷಿಯಾ ಉಂಡೆ. ಆ ಪುಡಿ ಕೈಗೆ ಹತ್ತಿದರೆ ಸಾಕು.

ಮಕ್ಕಳಿಗೆ ಇದನ್ನೆಲ್ಲ ಮುಟ್ಟಿಸುವುದರಲ್ಲಿ ಮೊದಲು ಪೂರ್ತಿ ಸೋತೆ. ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟ 1881ರಲ್ಲಿ ಬೆಲ್ಜಿಯಮ್ಮಿನ ಲಿಯೇಜ್‌ನಲ್ಲಿ ಹುಟ್ಟಿತು ಅಂದರೆ ಯಾವ ಮಗು ಕೇಳುತ್ತದೆ? ಆಕಳಿಸಿದರು. ಆಮೇಲೆ ಹೊಳೆಯಿತು, ವಾಲ್ಟಿನ ಹಾರಿಕೆಗಳಿಗೆ ನಾವು ದಿನಾ ಬಾಯಲ್ಲಿ ಹೇಳುವ ಹೆಸರುಗಳೇ ಇತಿಹಾಸ. 'ಸುಕಹಾರ' ಅಂದರೆ ಜಪಾನಿನ ಮಿತ್ಸುವೊ ಸುಕಹಾರ, 1970ರಲ್ಲಿ ಅವನು ಹಾರಿ ತೋರಿಸಿದ್ದು. 'ಯುರ್ಚೆಂಕೊ' ಅಂದರೆ 1983ರ ವಿಶ್ವ ಚಾಂಪಿಯನ್ ನತಾಲಿಯಾ ಯುರ್ಚೆಂಕೊ. ಅದನ್ನು ಕಲಿಯುತ್ತಿದ್ದ ಹುಡುಗಿ 'ಅಯ್ಯೋ, ಅದು ಮನುಷ್ಯರ ಹೆಸರಾ ಸರ್?' ಅಂದಳು. ಈಗ ವಾರಕ್ಕೊಂದು ಹೆಸರು, ಐದೇ ನಿಮಿಷ, ವಾರ್ಮ್‌ಅಪ್ ಆದಮೇಲೆ. 1932ರ ಒಲಿಂಪಿಕ್ಸ್‌ವರೆಗೂ ಹಗ್ಗ ಹತ್ತುವ ಸ್ಪರ್ಧೆ ಇತ್ತು ಅಂದ ದಿನ ಎಲ್ಲರೂ ಹಗ್ಗಕ್ಕೆ ಜೋತುಬಿದ್ದರು. ಅದೇ ವರ್ಷ 'ಇಂಡಿಯನ್ ಕ್ಲಬ್' ಬೀಸುವುದಕ್ಕೂ ಪದಕ ಇತ್ತು. ಗರಡಿಯ ಮುದ್ಗರದ ಮೊಮ್ಮಗ ಅಂತ ಇಟ್ಟುಕೊಳ್ಳಿ.

ನೋವಿನ ಕಥೆಯನ್ನೂ ಬಿಡುವುದಿಲ್ಲ. 1976ರ ಮಾಂಟ್ರಿಯಲ್‌ನಲ್ಲಿ ರೊಮೇನಿಯಾದ ನಾಡಿಯಾ ಕೊಮನೆಚಿಗೆ ಹತ್ತಕ್ಕೆ ಹತ್ತು ಬಂದಾಗ, ಆ ಅಂಕ ತೋರಿಸಲಾಗದೆ ಫಲಕ 1.00 ಅಂದದ್ದು ಎಲ್ಲರಿಗೂ ಗೊತ್ತು. ಎಲೆನಾ ಮುಖಿನಾ ಗೊತ್ತಿರುವವರು ಕಡಿಮೆ. ಸೋವಿಯತ್ ಒಕ್ಕೂಟದವಳು, 1978ರ ವಿಶ್ವ ಚಾಂಪಿಯನ್. 1980ರಲ್ಲಿ ಮಾಸ್ಕೋ ಒಲಿಂಪಿಕ್ಸ್‌ಗೆ ಎರಡು ವಾರ ಇರುವಾಗ ಥಾಮಸ್ ಸಾಲ್ಟೊ ಅನ್ನುವ ಅಪಾಯದ ಪಲ್ಟಿಯ ಅಭ್ಯಾಸದಲ್ಲಿ ಕತ್ತು ಮುರಿಯಿತು. ಬದುಕಿದಷ್ಟು ದಿನ ಮೇಲೇಳಲಿಲ್ಲ. 'ಇದು ಯಾಕೆ ನಿಷೇಧ?' ಅಂತ ಕೇಳುವ ಹುಡುಗರಿಗೆ ನನ್ನ ಉತ್ತರ ಅವಳ ಹೆಸರು.

ಫೋಟೋ ಪ್ರದರ್ಶನ ಮಾಡಿದಾಗ ಚಿತ್ರಗಳನ್ನು ಆಯಾ ಸಲಕರಣೆಯ ಪಕ್ಕದಲ್ಲೇ, ಮಕ್ಕಳ ಕಣ್ಣಿನ ಎತ್ತರಕ್ಕೆ ತೂಗುಹಾಕಿದೆ. ಚಿತ್ರದಲ್ಲಿದ್ದವರಲ್ಲಿ ಸಿಕ್ಕವರನ್ನೆಲ್ಲ ಮೊದಲೇ ಒಪ್ಪಿಗೆ ಕೇಳಿದ್ದೆ. ಈ ಆಟದ ಹಳೇ ಚಿತ್ರ ಅಂದರೆ ಬಹುಪಾಲು ಲಿಯೋಟಾರ್ಡ್ ಹಾಕಿದ ಚಿಕ್ಕ ಮಕ್ಕಳದು. ಆಗ ಅವರನ್ನು ಯಾರೂ ಕೇಳಿರಲಿಲ್ಲ, ಈಗಲಾದರೂ ಕೇಳಬೇಡವೇ? ಇಬ್ಬರು ಬೇಡ ಅಂದರು. ಆ ಚಿತ್ರಗಳು ಪೆಟ್ಟಿಗೆಯಲ್ಲೇ ಇವೆ.

ಆ ಗ್ರಿಪ್ ಹಿಡಿದವರೂ ನೋಡಲು ಬಂದಿದ್ದರು. ಆರು ಹುಡುಗಿಯರ ಮುಂದೆ ನಿಂತರು. 'ಮೇಡಂ, ಎಡದಿಂದ ಮೂರನೆಯವಳು ಯಾರು?' ಅಂದೆ. ಮುಖ ನೆನಪಾಗಲಿಲ್ಲ. ಕನ್ನಡಕ ಹಾಕಿಕೊಂಡು ಬಗ್ಗಿದರು. 'ಎಡ ಮಣಿಕಟ್ಟಿಗೆ ಮಾತ್ರ ಪಟ್ಟಿ ಕಟ್ಟಿದ್ದಾಳೆ ನೋಡಪ್ಪಾ. ಎಡಗೈ ಮೊದಲಿಟ್ಟು ಕಾರ್ಟ್‌ವೀಲ್ ಹಾಕುತ್ತಿದ್ದವಳು ನಮ್ಮಲ್ಲಿ ಒಬ್ಬಳೇ' ಅಂದು ಹೆಸರು ಹೇಳಿದರು. ಆಮೇಲೆ ಅವಳ ಕೆನ್ನೆಯ ಗೆರೆ ತೋರಿಸಿ, 'ಇದೇನು, ಗಾಯವಾ? ನನಗೆ ನೆನಪಿಲ್ಲವಲ್ಲ' ಅಂದರು.

ಅದು ನಾನು ಮಾಡಿದ್ದು ಅಂತ ಒಪ್ಪಿಕೊಂಡೆ.