ಹಳಿ ಕಿತ್ತ ದಾರಿಗೆ ಗೇರ್ ಸೈಕಲ್ ಬೇಕಿಲ್ಲ

"ಜಲ್ಲಿ ಮ್ಯಾಲ ಈ ಹಾಲು ಮಾರೋರ ಗೇರಿಲ್ಲದ ಸೈಕಲ್ ತಗೊಂಡು ಹೊಂಟೀಯಲ್ಲಪಾ, ಹೆಗಲ ಮ್ಯಾಲ ಹೊತ್ಕೊಂಡು ಬರ್ತಿ ನೋಡು" ಅಂತ ಸೈಕಲ್ ಅಂಗಡಿ ಮಾವ ಹೇಳಿದ್ದು ಎರಡು ಸಲ ನಿಜವಾಯಿತು. ಮೂರನೇ ಸಲದಿಂದ ಇಲ್ಲಿಯವರೆಗೆ ಆಗಿಲ್ಲ. ಈಗ ಮಾವನೇ ಗಿರಾಕಿಗಳಿಗೆ ನನ್ನ ಟೈರ್ ತೋರಿಸುತ್ತಾನೆ.

ದಾರಿ ಅಂದರೆ ಕೊಪ್ಪಳ ಕಡೆಯ ಎರೆ ಹೊಲಗಳ ನಡುವೆ ಉಳಿದ ಹಳೆ ಮೀಟರ್ ಗೇಜ್ (ಕಿರಿದಾದ ಹಳಿಯ) ರೈಲು ದಾರಿಯ ಏರಿಯ, ಅಂದರೆ ಮಣ್ಣಿನ ದಿಬ್ಬದ, ಒಂದು ತುಂಡು. ಹೆಚ್ಚೂಕಡಿಮೆ 11 ಕಿ.ಮೀ. ಹಳಿಯೂ ಅದರ ಕೆಳಗಿನ ಅಡ್ಡ ಸ್ಲೀಪರೂ ಎಂದೋ ಹೋಗಿವೆ, ಊರವರು ಬಂಡಿದಾರಿ ಮಾಡಿಕೊಂಡಿದ್ದಾರೆ. ಯಾವ ಊರಿಂದ ಯಾವ ಊರಿಗೆ ಅಂತ ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರವೇ ಬೈಕಿನವರು ಬಂದು ಕುರಿಹಾದಿ ಕೆಡಿಸುತ್ತಾರೆ.

ಗೇರ್ ಯಾಕೆ ಬೇಡ ಅನ್ನುವುದಕ್ಕೆ ಮೇಸ್ತ್ರಿಗಳ ಲೆವೆಲ್ ಪೈಪೇ ಸಾಕ್ಷಿ. ಒಂದು ಮಧ್ಯಾಹ್ನ 20 ಮೀಟರ್ ಅಂತರಕ್ಕೆ ಒಂದೊಂದು ಗೂಟ ನೆಟ್ಟು ನೀರು ಹಿಡಿದು ನೋಡಿದೆ. ಅತಿ ಕಡಿದಾದ ಜಾಗದಲ್ಲಿ ಇಳಿದದ್ದು 16 ಸೆಂ.ಮೀ., ಅಂದರೆ 125ಕ್ಕೆ 1. ಉಗಿ ಎಂಜಿನ್ನಿಗೆ ಅಂತ ಕಟ್ಟಿದ ಏರಿ, ಕಣ್ಣಿಗೆ ಚಡಾವೇ ಕಾಣದು. ಊರ ಡಾಂಬರು ರಸ್ತೆಯ ಒಂದು ದಿಬ್ಬ ಇದಕ್ಕಿಂತ ಹೆಚ್ಚು ಉಸಿರು ತೆಗೆಯುತ್ತದೆ.

ಆದರೂ ಪೆಡಲಿನ ಕಡೆ ಮಾಮೂಲಿ 44 ಹಲ್ಲಿನ ಚೈನ್ ವೀಲಿಗೆ ಹಿಂದಿನ ಚಕ್ರದಲ್ಲಿ 18 ಹಲ್ಲಿನ ಫ್ರೀವೀಲ್ ಇದ್ದರೆ ಸಡಿಲ ಜಲ್ಲಿಯಲ್ಲಿ ಕಾಲು ನಿಂತುಬಿಡುತ್ತದೆ. ಪೆಡಲ್ ಒಂದು ಸುತ್ತು ತಿರುಗಿದರೆ ಐದೂವರೆ ಮೀಟರ್ ಎಳೆಯಬೇಕಲ್ಲ. 22ರ ಫ್ರೀವೀಲ್ ಹಾಕಿದರೆ ನಾಲ್ಕೂವರೆಗೆ ಇಳಿಯುತ್ತದೆ. ಚೈನಿಗೆ ಒಂದು ಜೋಡಿ ಕೊಂಡಿ ಸೇರಿಸಬೇಕು. ಮರೆತು ಎಳೆದು ಕೂರಿಸಿದರೆ ಚಕ್ರ ಫೋರ್ಕಿನ ಮುಂದಕ್ಕೆ ಸರಿದು ಮಡ್‌ಗಾರ್ಡಿಗೆ ತಾಗುತ್ತದೆ. ಎಲ್ಲ ಸೇರಿ 200 ರೂಪಾಯಿ ಒಳಗೆ ಮುಗಿಯಿತು.

ದುಡ್ಡು ಹೋದದ್ದು ಮುಳ್ಳಿಗೆ. ನಮ್ಮ ಕಡೆ ಏರಿಯೆಂದರೆ ಬಳ್ಳಾರಿ ಜಾಲಿ, ಅದರ ಬುಡದಲ್ಲಿ ನೆಗ್ಗಿಲು. ಮೊದಲ ಸಲ 4 ಕಿ.ಮೀ.ಗೆ ಐದು ಪಂಕ್ಚರ್. ಆಮೇಲೆ ಪಂಕ್ಚರ್ ತಾನೇ ಮುಚ್ಚಲಿ ಅಂತ ಟ್ಯೂಬಿನೊಳಗೆ ಸುರಿಯುವ ಹಾಲಿನಂಥ ದ್ರವ ತಂದೆ, 400 ರೂಪಾಯಿ. ಬೈಕಿಗೆ ಚೆನ್ನ, ನಮ್ಮ ಸೈಕಲ್ಲಿಗೆ ಅಲ್ಲ: ಗಾಳಿ ತುಂಬುವ ಕಡೆಯ ವಾಲ್‌ಟ್ಯೂಬಿನ ರಬ್ಬರಿಗೆ ಅಂಟಿ ಗಟ್ಟಿಯಾಗಿ ಪಂಪಿನ ಗಾಳಿಯೇ ಒಳಗೆ ಹೋಗಲಿಲ್ಲ. ಪೇಟೆಯ ಒಂದು ಅಂಗಡಿಯವರು "ಡಬಲ್ ದಪ್ಪ" ಅಂತ ಕೊಟ್ಟ ಟ್ಯೂಬ್ ಜೋಡಣೆಯಲ್ಲೇ ಬಿಟ್ಟಿತು. ಅದೂ 300 ಹೋಯಿತು.

ಕೊನೆಗೆ ಕೈ ಹಿಡಿದದ್ದು ಟೈರಿನೊಳಗೆ ಟೈರ್. 28-1½ ಇಂಚಿನ ಸವೆದ ಟೈರ್ ತಗೊಂಡು ಎರಡೂ ಕಡೆಯ ತಂತಿ ಅಂಚು ಕತ್ತರಿಸಿ ತೆಗೆಯಬೇಕು. ನಡುವಿನ ಪಟ್ಟಿ ಎರಡು ಬೆರಳಗಲ ಸಾಕು, ಹೆಚ್ಚಾದರೆ ಮಗ್ಗುಲಲ್ಲಿ ಮಡಚಿಕೊಳ್ಳುತ್ತದೆ. ಒಳಗೆ ಕೂರಿಸಿದಾಗ ಉದ್ದ ಸ್ವಲ್ಪ ಮಿಕ್ಕುತ್ತದೆ, ಅಷ್ಟನ್ನು ಕತ್ತರಿಸಿ. ನಾನು ಮೊದಲು ಕತ್ತರಿಸದೆ ತುದಿ ಮೇಲೆ ತುದಿ ಹೇರಿದ್ದೆ. ಆ ಮೆಟ್ಟಿಲೇ ಟ್ಯೂಬನ್ನು ತಿಕ್ಕಿ ಕೊಯ್ದಿತು, ಮುಳ್ಳೇ ಇಲ್ಲದೆ ಪಂಕ್ಚರ್! ಈಗ ಎರಡೂ ತುದಿಯನ್ನು ಚಪ್ಪಲಿ ಹೊಲಿಯುವವರ ರಂಪಿಗೆಯಿಂದ ಓರೆಯಾಗಿ ಕಾಗದದಷ್ಟು ತೆಳ್ಳಗೆ ಹೆರೆದು ಕೂಡಿಸುತ್ತೇನೆ, ಬೆರಳಾಡಿಸಿದರೆ ಕೂಡು ಗೊತ್ತಾಗಬಾರದು. ಪಟ್ಟಿಗೂ ಟ್ಯೂಬಿಗೂ ನಡುವೆ ಒಂದು ಪುಡಿ ಉದುರಿಸುತ್ತೇನೆ. ಮುಖಕ್ಕೆ ಹಚ್ಚುವ ಪೌಡರ್ ಅಂತೂ ಅಲ್ಲ. ಹೆಸರು ಇಲ್ಲಿ ಬೇಡ.

ನೆಗ್ಗಿಲು ಇದರಲ್ಲಿ ಪೂರ್ತಿ ನಿಲ್ಲುತ್ತದೆ. ಜಾಲಿಯ ಉದ್ದ ಮುಳ್ಳು ನೆಟ್ಟಗೆ ನಿಂತು ಸಿಕ್ಕರೆ ಯಾವ ಪಟ್ಟಿಯೂ ತಡೆಯದು. ಸೈಕಲ್ ಭಾರ ಆಗುತ್ತದೆ, ನಿಜ. ಸಮತಟ್ಟಿನಲ್ಲಿ ಒಮ್ಮೆ ಓಟ ಹಿಡಿದ ಮೇಲೆ ಆ ಭಾರ ಲೆಕ್ಕಕ್ಕಿಲ್ಲ. ಗಾಳಿ ಹೆಬ್ಬೆರಳು ಒತ್ತಿದರೆ ಅರ್ಧ ಉಗುರು ಇಳಿಯುವಷ್ಟಿರಲಿ. ಅದಕ್ಕಿಂತ ಮೆತ್ತಗಾದರೆ ಜಲ್ಲಿಗೆ ರಿಮ್ ನೆಗ್ಗುತ್ತದೆ. ರಿಮ್ ಸೊಟ್ಟಾಗುವುದು ಜಲ್ಲಿಯಿಂದ ಅಂತ ಮಾವ ಹೇಳುತ್ತಾನೆ, ಆದರೆ ಕಾರಣ ಜಲ್ಲಿ ಅಲ್ಲ, ಕಡಿಮೆ ಗಾಳಿ.

ಇನ್ನು ಓಡಿಸುವ ಜಾಗ. ಏರಿಯ ನಡುಮಧ್ಯೆ ಹೋಗುವವರು ಒಂದೇ ಕಿಲೋಮೀಟರಿಗೆ ಬೇಸತ್ತು ಇಳಿಯುತ್ತಾರೆ. ಸ್ಲೀಪರ್ ಕಿತ್ತ ಗುಂಡಿಗಳು ಮುಕ್ಕಾಲು ಮೀಟರಿಗೊಂದು ಸಾಲಾಗಿವೆ. ಗಂಟೆಗೆ 12 ಕಿ.ಮೀ. ಹೋದರೂ ಸೆಕೆಂಡಿಗೆ ನಾಲ್ಕು ಏಟು. ಕ್ಯಾರಿಯರ್ ನಟ್ಟು, ಬೆಲ್ಲು, ಹಲ್ಲು ಮೂರೂ ಸಡಿಲ. ಜಲ್ಲಿ ಮುಗಿದು ಇಳಿಜಾರು ಶುರುವಾಗುವ ಮೊದಲು ಗೇಣಗಲ ನುಣುಪು ದಾರಿ ಇರುತ್ತದೆ, ಕುರಿ ನಡೆದು ಮಾಡಿದ್ದು. ಚಕ್ರ ಅದರ ಮೇಲೇ ಇರಲಿ. ನಡೆಯುವವರಿಗೂ ಅದೇ ಸರಿ, ಜಲ್ಲಿಯಲ್ಲಿ ಹಿಮ್ಮಡಿ ಹೊರಳುತ್ತದೆ.

ಆ ಅಂಚು ನಂಬಿಕೆಯದಲ್ಲ. ಮಳೆಗೆ ಕೊರಕಲು ಬೀಳುತ್ತದೆ, ಏಪ್ರಿಲ್‌ನಲ್ಲಿ ಎರೆಮಣ್ಣು ಉದ್ದಕ್ಕೆ ಬಾಯಿ ಬಿಟ್ಟು ಇಡೀ ಟೈರನ್ನೇ ನುಂಗುತ್ತದೆ. ಹನಿ ಬಿದ್ದರೆ ಎರಡು ದಿನ ಆ ಕಡೆ ಹೋಗಲೇಬಾರದು: ಮಡ್‌ಗಾರ್ಡಿನೊಳಗೆ ಎರೆಮಣ್ಣು ಮೆತ್ತಿ ಚಕ್ರ ತಿರುಗದು, ಕಡ್ಡಿ ಹಾಕಿ ಕೆರೆಯುತ್ತಾ ಕೂರಬೇಕು. ನವೆಂಬರಿನಿಂದ ಫೆಬ್ರುವರಿ ಮೊದಲ ವಾರದವರೆಗೆ ಒಳ್ಳೆಯ ಕಾಲ. ಜನವರಿಯಲ್ಲಂತೂ ಏರಿಯ ಮೇಲೆ ನಿಂತರೆ ಎರಡೂ ಕಡೆ ಎದೆಯೆತ್ತರದ ಬಿಳಿಜೋಳ, ನಡುನಡುವೆ ಕಡಲೆ, ಅಂಚಿಗೆ ಕುಸುಬೆಯ ಕೇಸರಿ ಹೂವು. ಕುಸುಬೆಗೂ ಮುಳ್ಳಿದೆ, ಮೊಣಕಾಲು ಜೋಪಾನ.

ಸೇತುವೆಗಳದೇ ದೊಡ್ಡ ತಕರಾರು. ನ್ಯೂಜಿಲೆಂಡಿನ ಒಟಾಗೊ ಸೆಂಟ್ರಲ್ ಹಾದಿಯವರು 1990ರಲ್ಲಿ ಮುಚ್ಚಿದ ರೈಲು ದಾರಿಯನ್ನು ಹತ್ತು ವರ್ಷದಲ್ಲಿ 152 ಕಿ.ಮೀ. ಸೈಕಲ್ ದಾರಿ ಮಾಡಿದರು. ಸೇತುವೆ, ಸುರಂಗ ಬಿಡಲಿಲ್ಲ. ನಮ್ಮ ಏರಿಯಲ್ಲಿ ಸೇತುವೆಯ ಕಬ್ಬಿಣದ ಗರ್ಡರೇ (ತೊಲೆ) ಉಳಿದಿಲ್ಲ. ಕಲ್ಲು ಚಪ್ಪಡಿಯ ಸಣ್ಣ ಮೋರಿಗಳು ಗಟ್ಟಿಯಾಗಿವೆ, ಗರ್ಡರ್ ಇದ್ದ ಮೂರು ಕಡೆ ಮಾತ್ರ ಏರಿ ಥಟ್ಟನೆ ಮುಗಿದು ಕೆಳಗೆ ಹಳ್ಳ. ಗಿಡ ಬೆಳೆದಿರುವುದರಿಂದ ಹತ್ತು ಹೆಜ್ಜೆ ಹತ್ತಿರ ಬರುವವರೆಗೆ ಕಾಣದು. ಕೆತ್ತಿದ ಕರಿಗಲ್ಲಿನ ಗೋಡೆಯ ತಲೆ ಕಂಡೊಡನೆ ಇಳಿಯಿರಿ. ರಾಡ್ ಬ್ರೇಕನ್ನು ಅಲ್ಲಿ ನಂಬಬೇಡಿ. ಹಳ್ಳ ದಾಟುವಾಗ ನೀರು ಬರುವ ಕಡೆಯಿಂದ, ಮೂವತ್ತು ಹೆಜ್ಜೆ ಮೇಲಕ್ಕೆ ಹೋಗಿ ದಾಟಿ. ನೀರು ಹರಿದುಹೋಗುವ ಕಡೆ ಅದು ಸೇತುವೆ ಕಂಬದ ಬುಡ ಕೊರೆದು ಮಡು ಮಾಡಿರುತ್ತದೆ, ಮೇಲೆ ಮರಳು ಕಂಡರೂ ತೊಡೆಯವರೆಗೆ ಕುಸಿಯುತ್ತದೆ.

ಸೈಕಲ್ ಸಾಗಿಸಲು ಟಂಟಂ ಆಟೊ ಮೇಲು: ನಾಲ್ಕು ಸೈಕಲ್ಲಿಗೆ ಅದರ ಚಾಲಕ 800 ಕೇಳಿದ, 650ಕ್ಕೆ ಬಂದ. ಸಣ್ಣ ಸ್ಟೇಷನ್ನಿನಲ್ಲಿ ರೈಲು ಎರಡು ನಿಮಿಷ ನಿಲ್ಲುವಾಗ ಲಗೇಜ್ ಡಬ್ಬಿಗೆ ಏರಿಸುವ ಯೋಚನೆ ಬಿಡಿ. ಮುಂಗಾರು ಕಡಿಮೆಯಾಗಿ ಅಕ್ಟೋಬರ್‌ಗೆ ಮೊದಲೇ ಏರಿ ಒಣಗಿದ್ದರೆ ಪಡುವಣದ ತುದಿಯಿಂದ ಶುರುಮಾಡಿ, ಗಾಳಿ ಬೆನ್ನಿಗಿರುತ್ತದೆ. ಎದುರಿಗಿದ್ದರೆ ಒಂದೂವರೆ ಗಂಟೆಯ ದಾರಿಗೆ ಮೂರು ಗಂಟೆ.

ಹಳೆ ಏರಿ ಈಗಿನ ಬ್ರಾಡ್ ಗೇಜ್ (ಅಗಲ ಹಳಿಯ) ಲೈನಿನ ಮಗ್ಗುಲಿಗೆ ಬರುವ ಅರ್ಧ ಕಿಲೋಮೀಟರ್ ನಾವು ಹೋಗುವುದಿಲ್ಲ. ರೈಲ್ವೆಯ ಗಡಿಕಲ್ಲು ಕಂಡಲ್ಲಿ ಹೊಲದ ಬದುವಿಗೆ ಇಳಿಯುತ್ತೇವೆ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು.

ಮನೆಗೆ ಬಂದ ರಾತ್ರಿಯೇ ಟೈರಿನ ಮುಳ್ಳು ಇಕ್ಕಳದಿಂದ ಕಿತ್ತುಬಿಡಿ. ಬಿಟ್ಟರೆ ಮರುದಿನದ ಓಟಕ್ಕೆ ಒಂದೊಂದೇ ಒಳಗಿಳಿಯುತ್ತವೆ. ಕಳೆದ ಸಲ ಎರಡು ಚಕ್ರದಿಂದ ತೆಗೆದದ್ದು ನಲವತ್ತರ ಮೇಲೆ. ಟ್ಯೂಬಿಗೆ ಮುಟ್ಟಿದ್ದು ಒಂದೇ, ಅದೂ ಹಿಂದಿನ ಚಕ್ರದಲ್ಲಿ, ಪಟ್ಟಿಯ ಕೂಡಿನ ಹತ್ತಿರ.